ಸಿ ಡ್ರೈವ್ ಕೆಂಪಾಗಿದೆ: ಕಾಣದ 14.6 ಜಿಬಿ ಎಲ್ಲಿ ಹೋಯಿತು?

ತೋಟದಮನೆ
ಅಕ್ಟೋಬರ್ 8, 2025, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ಕಂಪ್ಯೂಟರ್ ಪಂಡಿತನಲ್ಲ. 2019ರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಜೋಡಿಸಿಕೊಂಡು ತಂದ ಡೆಸ್ಕ್‌ಟಾಪ್ ಮನೆಯಲ್ಲಿದೆ. 240 ಜಿಬಿಯ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್, 16 ಜಿಬಿ ರ್‍ಯಾಮ್. ಅಂಗಡಿಯವರು ಸಿ ಡ್ರೈವ್‌ಗೆ 100 ಜಿಬಿ ಕೊಟ್ಟು ಉಳಿದದ್ದನ್ನು ಡಿ ಎಂದು ಮಾಡಿಕೊಟ್ಟಿದ್ದಾರೆ.

ವಿಂಡೋಸ್ 10ಕ್ಕೆ ಈ ತಿಂಗಳ 14ಕ್ಕೆ ಬೆಂಬಲ ನಿಲ್ಲುತ್ತದೆ ಎಂದು ಪತ್ರಿಕೆಯಲ್ಲಿ ಓದಿ, ಕಳೆದ ಭಾನುವಾರ ವಿಂಡೋಸ್ 11ಕ್ಕೆ ಏರಿಸಿದೆ. ಏರಿಸುವ ಮೊದಲು ಸಿಯಲ್ಲಿ 30 ಜಿಬಿ ಖಾಲಿ ಇತ್ತು. ಈಗ 2.4 ಜಿಬಿ ಉಳಿದಿದೆ. ಡ್ರೈವ್ ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿ ಕೆಂಪಗೆ ಉರಿಯುತ್ತಿದೆ. ಬ್ರೌಸರ್ ತೆರೆದರೆ ಒಂದು ಲೋಟ ಕಾಫಿ ಕುಡಿದು ಬರುವಷ್ಟು ಹೊತ್ತು.

ನನ್ನನ್ನು ಕಾಡುತ್ತಿರುವುದು ಇನ್ನೊಂದು. ಸಿಯೊಳಗೆ ಕಾಣುವ ಎಲ್ಲ ಫೋಲ್ಡರ್‌ಗಳನ್ನು ಒಟ್ಟಿಗೆ ಆರಿಸಿ ಪ್ರಾಪರ್ಟೀಸ್ ನೋಡಿದರೆ 83 ಜಿಬಿ ಎನ್ನುತ್ತದೆ. ಡ್ರೈವಿನ ಪ್ರಾಪರ್ಟೀಸ್ ನೋಡಿದರೆ 97.6 ಜಿಬಿ ತುಂಬಿದೆ ಎನ್ನುತ್ತದೆ. ನಡುವಿನ 14.6 ಜಿಬಿ ಎಲ್ಲಿ? ಮಂಡಿಯಲ್ಲಿ ತೂಕಕ್ಕೆ ಇಷ್ಟು ವ್ಯತ್ಯಾಸ ಬಂದರೆ ದೊಡ್ಡ ಜಗಳವೇ ಆಗುತ್ತದೆ.

ಬಿಸಿಲೂರು
ಅಕ್ಟೋಬರ್ 8, ರಾತ್ರಿ 9.34

ಸುಲಭ. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ. ಟೆಂಪ್ ಎಂದು ಬರೆದು ಬಂದದ್ದನ್ನೆಲ್ಲ ಅಳಿಸಿ. ಮತ್ತೆ ಪ್ರೀಫೆಚ್ ಎಂದು ಬರೆದು ಅದನ್ನೂ ಅಳಿಸಿ. ಆಮೇಲೆ ಯಾವುದಾದರೂ ಒಂದು ಕ್ಲೀನರ್ ಹಾಕಿ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಕಡತ, ಶುಚಿ ಮಾಡಿ. ನಾನು ಪ್ರತಿ ಅಮಾವಾಸ್ಯೆಗೆ ಇದನ್ನು ಮಾಡುತ್ತೇನೆ, ಕಂಪ್ಯೂಟರ್ ಕುದುರೆಯಂತೆ ಓಡುತ್ತದೆ.

ಸಿಡಿಇಎಫ್
ಅಕ್ಟೋಬರ್ 8, ರಾತ್ರಿ 9.41

ವಿಂಡೋಸ್ ಫೋಲ್ಡರಿನೊಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬುದೊಂದಿದೆ. ಹತ್ತು ಜಿಬಿಗೆ ಕಡಿಮೆ ಇರುವುದಿಲ್ಲ. ಹಳೆಯ ಅಪ್‌ಡೇಟ್‌ಗಳ ಕಸ. ತೆಗೆದು ಬಿಸಾಡಿ.

ಹಳೆ ಕೀಲಿಮಣೆ
ಅಕ್ಟೋಬರ್ 8, ರಾತ್ರಿ 9.52

ತೋಟದಮನೆಯವರೇ, ದಯವಿಟ್ಟು ಇನ್ನೂ ಏನನ್ನೂ ಅಳಿಸಬೇಡಿ. ಮೇಲಿನ ಎರಡು ಸಲಹೆಗಳಲ್ಲಿ ಒಂದು ನಿರುಪಯೋಗಿ, ಇನ್ನೊಂದು ಅಪಾಯಕಾರಿ.

ಪ್ರೀಫೆಚ್ ಫೋಲ್ಡರಿನಲ್ಲಿ ಇರುವುದು ಪುಟ್ಟ ಟಿಪ್ಪಣಿ ಕಡತಗಳು. ಯಾವ ತಂತ್ರಾಂಶ ತೆರೆಯುವಾಗ ಏನೇನು ಓದಬೇಕು ಎಂದು ವಿಂಡೋಸ್ ತಾನೇ ಬರೆದಿಟ್ಟುಕೊಳ್ಳುವ ಚೀಟಿಗಳು. ಎಲ್ಲ ಸೇರಿ ಹತ್ತಾರು ಎಂಬಿ ಮೀರುವುದು ಅಪರೂಪ. ಅಳಿಸಿದರೆ ಮತ್ತೆ ಬರೆದುಕೊಳ್ಳುತ್ತದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ರಿಜಿಸ್ಟ್ರಿ ಶುಚಿ ಮಾಡುವುದರಿಂದ ಜಾಗ ಉಳಿಯುವುದಿಲ್ಲ, ಹಾಳಾಗುವ ಸಂಭವ ಮಾತ್ರ ಇದೆ. ಕ್ಲೀನರ್‌ಗಳ ವಿಷಯಕ್ಕೆ ಬಂದರೆ, 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ ಕಿಡಿಗೇಡಿಗಳು ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು. ಅಧಿಕೃತ ತಾಣದಿಂದ ಇಳಿಸಿಕೊಂಡವರಿಗೂ ಅದು ತಲುಪಿತ್ತು. ಆ ಕಂಪನಿ ಅದನ್ನು ಸರಿಪಡಿಸಿದೆ, ನಿಜ. ಆದರೆ ವಿಂಡೋಸ್‌ನಲ್ಲೇ ಇರುವ ಸೌಲಭ್ಯಕ್ಕೆ ಹೊರಗಿನವರ ಕೈಗೆ ಮನೆಯ ಬೀಗದ ಕೈ ಏಕೆ ಕೊಡಬೇಕು?

ವಿನ್‌ಎಸ್‌ಎಕ್ಸ್‌ಎಸ್ ಕಸದ ತೊಟ್ಟಿಯಲ್ಲ, ವಿಂಡೋಸ್‌ನ ಉಗ್ರಾಣ. ಅದಕ್ಕೆ ನೇರವಾಗಿ ಕೈ ಹಾಕಿದರೆ ಕಂಪ್ಯೂಟರ್ ಮತ್ತೆ ಏಳದಿರಬಹುದು.

ಮೊದಲು ಲೆಕ್ಕ, ಆಮೇಲೆ ಗುಡಿಸುವುದು. ವಿಜ್‌ಟ್ರೀ ಎಂಬ ಪುಟ್ಟ ತಂತ್ರಾಂಶವಿದೆ, ಮನೆ ಬಳಕೆಗೆ ಉಚಿತ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅದು ಫೋಲ್ಡರ್ ಫೋಲ್ಡರ್ ಹೊಕ್ಕು ನೋಡದೆ, ಡ್ರೈವಿನ ಕಡತಗಳ ದಾಖಲೆ ಪುಸ್ತಕವನ್ನೇ ನೇರವಾಗಿ ಓದುತ್ತದೆ. ಹಾಗಾಗಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಬಚ್ಚಿಟ್ಟ ಕಡತಗಳೂ ತಪ್ಪಿಸಿಕೊಳ್ಳುವುದಿಲ್ಲ. ಬಂದ ಪಟ್ಟಿಯಲ್ಲಿ ಮೊದಲ ಎಂಟು ಸಾಲುಗಳನ್ನು ಇಲ್ಲಿ ಹಾಕಿ.

ಪೆಂಗ್ವಿನ್
ಅಕ್ಟೋಬರ್ 8, ರಾತ್ರಿ 10.05

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿ. 25 ಜಿಬಿಯಲ್ಲಿ ಸಂಸಾರ ಮುಗಿಯುತ್ತದೆ.

ಮೂರನೇ ಮಹಡಿ
ಅಕ್ಟೋಬರ್ 8, ರಾತ್ರಿ 10.11

ಬಂದರು ನೋಡಿ. ಪೆಂಗ್ವಿನ್ ಅವರೇ, ಹೋದ ವರ್ಷ ನಿಮ್ಮದೇ ಉಬುಂಟು ಎಂಬ ಲಿನಕ್ಸ್‌ನಲ್ಲಿ ಬೂಟ್ ವಿಭಾಗ ಹಳೆಯ ಕರ್ನಲ್‌ಗಳಿಂದ ತುಂಬಿ ಅಪ್‌ಡೇಟ್ ನಿಂತುಹೋಯಿತು ಎಂದು ಇಲ್ಲಿಯೇ ಗೋಳಾಡಿದ್ದು ನೆನಪಿದೆಯೇ? ಜರ್ನಲ್ ದಾಖಲೆಯೇ 4 ಜಿಬಿ ಆಗಿತ್ತು.

ಪೆಂಗ್ವಿನ್
ಅಕ್ಟೋಬರ್ 8, ರಾತ್ರಿ 10.13

ಅದು ಬೇರೆ ಮಾತು.

ತೋಟದಮನೆ
ಅಕ್ಟೋಬರ್ 9, ಬೆಳಿಗ್ಗೆ 6.15

ವಿಜ್‌ಟ್ರೀ ಹಾಕಿದೆ. ನಿಜಕ್ಕೂ ಐದೇ ಸೆಕೆಂಡ್. ಬಣ್ಣಬಣ್ಣದ ಚೌಕಗಳ ನಕ್ಷೆ ಬಂತು, ಮನೆಯಾಕೆ ರಂಗೋಲಿ ಎಂದುಕೊಂಡಳು. ಪಟ್ಟಿ ಹೀಗಿದೆ:

ವಿಂಡೋಸ್ ಫೋಲ್ಡರ್ 25 ಜಿಬಿ
ಯೂಸರ್ಸ್ 24 ಜಿಬಿ
ವಿಂಡೋಸ್ ಡಾಟ್ ಓಲ್ಡ್ 19 ಜಿಬಿ
ಪ್ರೋಗ್ರಾಂ ಫೈಲ್ಸ್ ಎರಡೂ ಸೇರಿ 12 ಜಿಬಿ
ಹೈಬರ್‌ಫಿಲ್ ಡಾಟ್ ಸಿಸ್ 6.4 ಜಿಬಿ
ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ 5 ಜಿಬಿ
ಪೇಜ್‌ಫೈಲ್ ಡಾಟ್ ಸಿಸ್ 4 ಜಿಬಿ
ಪ್ರೋಗ್ರಾಂ ಡೇಟಾ 2 ಜಿಬಿ

ಕೊನೆಯ ನಾಲ್ಕು ನನಗೆ ಸಿ ಡ್ರೈವಿನಲ್ಲಿ ಕಾಣುವುದೇ ಇಲ್ಲ. ಅವನ್ನು ಕೂಡಿಸಿದರೆ 17.4 ಆಗುತ್ತದೆ. ನಾನು ಹುಡುಕುತ್ತಿದ್ದದ್ದು 14.6. ಕಳೆದದ್ದಕ್ಕಿಂತ ಹೆಚ್ಚು ಸಿಕ್ಕಿದೆ. ಈಗ ಇನ್ನೂ ಗೊಂದಲ.

ಹಳೆ ಕೀಲಿಮಣೆ
ಅಕ್ಟೋಬರ್ 9, ಬೆಳಿಗ್ಗೆ 7.40

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು. ಆ ನಾಲ್ಕೂ ವಿಂಡೋಸ್ ಬಚ್ಚಿಡುವ ವಸ್ತುಗಳು. ಅವು ಕಾಣದಿದ್ದುದರಿಂದ ನೀವು ಆರಿಸಲಿಲ್ಲ, ಆರಿಸದಿದ್ದುದರಿಂದ ಲೆಕ್ಕಕ್ಕೆ ಬರಲಿಲ್ಲ.

ಹೆಚ್ಚುವರಿ ಮೂರು ಜಿಬಿಯ ಕಥೆ ಚೆನ್ನಾಗಿದೆ. ನಿನ್ನೆ ಹೇಳಿದ ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣದಲ್ಲಿರುವ ಬಹಳಷ್ಟು ಕಡತಗಳು ಸಿಸ್ಟಮ್32 ಮುಂತಾದ ಕಡೆಯೂ ಕಾಣಿಸುತ್ತವೆ. ಆದರೆ ಅವು ಎರಡು ಪ್ರತಿಗಳಲ್ಲ. ಡಿಸ್ಕಿನ ಮೇಲೆ ಇರುವುದು ಒಂದೇ ಕಡತ, ಹೆಸರು ಮಾತ್ರ ಎರಡು ಕಡೆ. ಇದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಒಂದೇ ಮನೆಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಎರಡೂ ಇದ್ದು, ಜನಗಣತಿಯವರು ಎರಡೂ ಕಡೆ ನಿಂತು ಎಣಿಸಿದರೆ ಮನೆಯವರು ಇಮ್ಮಡಿಯಾಗುತ್ತಾರಲ್ಲ, ಹಾಗೆ. ಪ್ರಾಪರ್ಟೀಸ್ ಕಿಟಕಿ ಎಣಿಸುವುದು ಹೀಗೆಯೇ. ನಿಮ್ಮ 83ರಲ್ಲಿ ಸುಮಾರು ಮೂರು ಜಿಬಿ ಹಿತ್ತಿಲ ಬಾಗಿಲಿನದ್ದು. ವಿನ್‌ಎಸ್‌ಎಕ್ಸ್‌ಎಸ್ ಹತ್ತು ಜಿಬಿ ಎಂದು ಸಿಡಿಇಎಫ್ ಅವರು ಹೆದರಿದ್ದೂ ಇದೇ ಕಾರಣಕ್ಕೆ.

ಈಗ ಒಂದೊಂದನ್ನೇ ನೋಡೋಣ. ಅವಸರ ಬೇಡ.

ವಿಂಡೋಸ್ ಡಾಟ್ ಓಲ್ಡ್: ನಿಮ್ಮ ಹಳೆಯ ವಿಂಡೋಸ್ 10ನ್ನು ಹೊಸದು ಹಾಗೆಯೇ ಕಟ್ಟಿ ಅಟ್ಟಕ್ಕೆ ಹಾಕಿದೆ. ಹೊಸದು ಹಿಡಿಸದಿದ್ದರೆ ಹಿಂದಿರುಗಲಿ ಎಂದು ಹತ್ತು ದಿನದ ಗಡುವು. ಗಡುವು ಮುಗಿದರೆ ತಾನೇ ಅಳಿಸಿಕೊಳ್ಳುತ್ತದೆ. ಅಂದರೆ ನೀವು ಏನೂ ಮಾಡದೆ 15ನೇ ತಾರೀಕು ದಾಟುವವರೆಗೆ ಸುಮ್ಮನಿದ್ದರೂ 19 ಜಿಬಿ ಬರುತ್ತದೆ. ಈಗಲೇ ಬೇಕಾದರೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂಬಲ್ಲಿ ಹಿಂದಿನ ವಿಂಡೋಸ್ ಸ್ಥಾಪನೆ ಎಂಬ ಸಾಲಿಗೆ ಗುರುತು ಹಾಕಿ ಅಳಿಸಿ. ಫೋಲ್ಡರನ್ನು ಕೈಯಿಂದ ಅಳಿಸಲು ಹೋದರೆ ಅನುಮತಿ ಇಲ್ಲ ಎಂದು ತಕರಾರು ಮಾಡುತ್ತದೆ. ಅದಕ್ಕೂ ಮೊದಲು ನಿಮ್ಮ ಪ್ರಿಂಟರ್, ಸ್ಕ್ಯಾನರ್, ಕನ್ನಡ ಟೈಪ್ ಮಾಡಲು ನುಡಿ ಅಥವಾ ಬರಹ ಏನು ಬಳಸುತ್ತೀರೋ ಅದು, ಎಲ್ಲವೂ ಹೊಸದರಲ್ಲಿ ನಡೆಯುತ್ತಿವೆಯೇ ನೋಡಿಕೊಳ್ಳಿ. ಅಟ್ಟ ಖಾಲಿ ಮಾಡಿದ ಮೇಲೆ ಹಿಂದಿರುಗುವ ದಾರಿ ಇಲ್ಲ.

ಉಳಿದದ್ದು ಸಂಜೆ ಬರೆಯುತ್ತೇನೆ, ಮೊಮ್ಮಗನ ಶಾಲೆಯ ವ್ಯಾನ್ ಬಂತು.

ಕಡಲತಡಿ
ಅಕ್ಟೋಬರ್ 9, ಬೆಳಿಗ್ಗೆ 9.02

ಆ ಟೆಂಪರರಿ ಫೈಲ್ಸ್ ಪಟ್ಟಿಯ ಬಗ್ಗೆ ಒಂದು ಮಾತು. ಅಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದಕ್ಕೆ ಗುರುತು ಹಾಕಬೇಡಿ.

ಹಳೆಯ ಡಿಸ್ಕ್ ಕ್ಲೀನಪ್‌ಗೂ ವಿಂಡೋಸ್ 10ರ 1809 ಆವೃತ್ತಿಯಲ್ಲಿ ಆ ಸಾಲನ್ನು ಸೇರಿಸಿದ್ದರು. ಮೊದಲು ಇರಲಿಲ್ಲ. ವರ್ಷಗಳಿಂದ ರೂಢಿಯಾದಂತೆ ನಾನು ಎಲ್ಲ ಚೌಕಕ್ಕೂ ಗುರುತು ಹಾಕಿ ಸರಿ ಎಂದು ಒತ್ತಿದೆ. ಅಜ್ಜಿ ಹಾಡಿದ ಶೋಭಾನೆಯ ಹಾಡುಗಳನ್ನು ಚಿಕ್ಕಮ್ಮ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮಿಂಚಂಚೆಯಲ್ಲಿ ಕಳಿಸಿದ್ದರು. ಹನ್ನೊಂದು ಕಡತ. ಡೌನ್‌ಲೋಡ್ಸ್‌ನಲ್ಲಿಯೇ ಬಿಟ್ಟಿದ್ದೆ. ಹೀಗೆ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಮರಳಿ ಪಡೆಯುವ ತಂತ್ರಾಂಶ ಓಡಿಸಿದೆ, ಹೆಸರುಗಳು ಸಿಕ್ಕವು, ಒಳಗೆ ಬರೀ ಸೊನ್ನೆ. ಚಿಕ್ಕಮ್ಮನ ಮೊಬೈಲ್ ಅಷ್ಟರಲ್ಲಿ ಬದಲಾಗಿತ್ತು. ಮಿಂಚಂಚೆಯಲ್ಲಿ ಏಳು ಉಳಿದಿದ್ದವು, ನಾಲ್ಕು ಹೋದವು.

ಮೂರನೇ ಮಹಡಿ
ಅಕ್ಟೋಬರ್ 9, ಬೆಳಿಗ್ಗೆ 9.30

ಬೇಸರವಾಯಿತು. ಒಳಗೆ ಸೊನ್ನೆ ಬಂದದ್ದಕ್ಕೆ ಕಾರಣ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಕಡತ ಅಳಿಸಿದರೂ ಅದರ ಮೇಲೆ ಬೇರೊಂದು ಬರೆಯುವವರೆಗೆ ಒಳಗಿನದು ಉಳಿದಿರುತ್ತಿತ್ತು. ಎಸ್‌ಎಸ್‌ಡಿಗೆ ವಿಂಡೋಸ್ ಟ್ರಿಮ್ ಎಂಬ ಸೂಚನೆ ಕಳಿಸುತ್ತದೆ, ಈ ಜಾಗ ಇನ್ನು ಬೇಕಿಲ್ಲ ಎಂದು. ಡಿಸ್ಕ್ ತನ್ನ ಪಾಡಿಗೆ ಅದನ್ನು ಒರೆಸಿಬಿಡುತ್ತದೆ. ಹಾಗಾಗಿ ಅಳಿಸಿದ ಮೇಲೆ ಹುಡುಕುವ ಆಟ ಎಸ್‌ಎಸ್‌ಡಿಯಲ್ಲಿ ಬಹುತೇಕ ನಡೆಯುವುದಿಲ್ಲ.

ಅಚ್ಚುಮೊಳೆ
ಅಕ್ಟೋಬರ್ 9, ಮಧ್ಯಾಹ್ನ 1.45

ಹುಬ್ಬಳ್ಳಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು ನಾನು. ನನ್ನ ಮೂರ್ಖತನವನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಸಿ ತುಂಬಿದಾಗ ವಿಂಡೋಸ್ ಫೋಲ್ಡರಿನೊಳಗೆ ಇನ್‌ಸ್ಟಾಲರ್ ಎಂಬ ಬಚ್ಚಿಟ್ಟ ಫೋಲ್ಡರ್ 9 ಜಿಬಿ ಇರುವುದು ಕಾಣಿಸಿತು. ತಂತ್ರಾಂಶಗಳನ್ನೆಲ್ಲ ಆಗಲೇ ಹಾಕಿಯಾಗಿದೆ, ಇನ್ನು ಇನ್‌ಸ್ಟಾಲರ್ ಏಕೆ ಎಂದು ಇಡೀ ಫೋಲ್ಡರ್ ಖಾಲಿ ಮಾಡಿದೆ. ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಆಫೀಸ್‌ನ ಅಪ್‌ಡೇಟ್ ಬಂತು, ಮೂಲ ಕಡತ ಸಿಗುತ್ತಿಲ್ಲ ಎಂದು ನಿಂತಿತು. ತೆಗೆದು ಹೊಸದಾಗಿ ಹಾಕೋಣವೆಂದರೆ ತೆಗೆಯಲೂ ಅದೇ ಕಡತ ಬೇಕಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಕೊನೆಗೆ ಲಗ್ನದ ಸುಗ್ಗಿಯ ನಡುವೆ ಎರಡು ದಿನ ಅಂಗಡಿ ಮುಚ್ಚಿ ಎಲ್ಲ ಹೊಸದಾಗಿ ಹಾಕಿಸಿದೆ.

ಅಸಲಿ ಕಳ್ಳ ಬೇರೆಯೇ ಇದ್ದ. ಫೋಟೋಶಾಪ್ ದೊಡ್ಡ ಚಿತ್ರ ತೆರೆದಾಗ ರ್‍ಯಾಮ್ ಸಾಲದೆ ಡಿಸ್ಕಿನಲ್ಲಿ ತಾತ್ಕಾಲಿಕ ಕಡತ ಮಾಡಿಕೊಳ್ಳುತ್ತದೆ. ಸರಿಯಾಗಿ ಮುಚ್ಚಿದರೆ ಅದು ಹೋಗುತ್ತದೆ. ನಮ್ಮಲ್ಲಿ ಕರೆಂಟ್ ಹೋಗಿ ನಿಂತಾಗಲೆಲ್ಲ ಅದು ಹಾಗೆಯೇ ಉಳಿದು, ಟೆಂಪ್ ಫೋಲ್ಡರಿನಲ್ಲಿ ಒಂದೊಂದೂ ಎರಡು ಮೂರು ಜಿಬಿಯ ಹಾಗೆ ಹದಿನಾಲ್ಕು ಕುಳಿತಿದ್ದವು. ಈಗ ಅದರ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ ಎಂಬುದನ್ನು ಸಿ ಬದಲು ಡಿಗೆ ಮಾಡಿದ್ದೇನೆ. ಅಂದಿನಿಂದ ತಂಟೆ ಇಲ್ಲ.

ಇನ್ನೊಂದು: ಕನ್ನಡ ಫಾಂಟ್‌ಗಳನ್ನು ತೆಗೆದರೆ ಜಾಗ ಸಿಗುತ್ತದೆ ಎಂದು ನಮ್ಮ ಹುಡುಗನೊಬ್ಬ ಹೊರಟಿದ್ದ. ಒಂದೊಂದು ಫಾಂಟ್ ಕೆಲವು ನೂರು ಕೆಬಿ. ನೂರು ತೆಗೆದರೂ ಒಂದು ವಿಡಿಯೊದಷ್ಟು ಆಗದು, ಹಳೆಯ ಪತ್ರಿಕೆ ತೆರೆದರೆ ಅಕ್ಷರವೆಲ್ಲ ಚಿತ್ತಾರ.

ಬಿಸಿಲೂರು
ಅಕ್ಟೋಬರ್ 9, ಮಧ್ಯಾಹ್ನ 2.10

ನೋಡಿ, ಟೆಂಪ್‌ನಲ್ಲಿಯೇ ಇತ್ತಲ್ಲ! ನಾನು ಮೊದಲೇ ಹೇಳಿದ್ದೆ.

ಅಚ್ಚುಮೊಳೆ
ಅಕ್ಟೋಬರ್ 9, ಮಧ್ಯಾಹ್ನ 2.16

ಒಪ್ಪಿದೆ. ಆ ಅರ್ಧ ನಿಮ್ಮದು.

ಹಳೆ ಕೀಲಿಮಣೆ
ಅಕ್ಟೋಬರ್ 9, ಸಂಜೆ 6.30

ಮುಂದುವರಿಸುತ್ತೇನೆ.

ಹೈಬರ್‌ಫಿಲ್: ಕಂಪ್ಯೂಟರ್ ಹೈಬರ್ನೇಟ್ ಆಗುವಾಗ, ಅಂದರೆ ತೆರೆದ ಕೆಲಸವನ್ನು ಹಾಗೆಯೇ ಉಳಿಸಿಕೊಂಡು ಆರುವಾಗ, ರ್‍ಯಾಮ್‌ನಲ್ಲಿರುವುದನ್ನು ಬರೆದಿಡುವ ಜಾಗ. ಸಾಮಾನ್ಯವಾಗಿ ರ್‍ಯಾಮ್‌ನ ಶೇ 40ರಷ್ಟು ಕಾಯ್ದಿರಿಸುತ್ತದೆ. ನಿಮ್ಮ 16ಕ್ಕೆ 6.4, ಲೆಕ್ಕ ಕರಾರುವಾಕ್ಕು. ಡೆಸ್ಕ್‌ಟಾಪ್‌ನಲ್ಲಿ ಹೈಬರ್ನೇಟ್ ಬಳಸುವವರು ಕಡಿಮೆ. ಬೇಡವಾದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿ, ಒಂದು ಜಾಗ ಬಿಟ್ಟು ಸ್ಲ್ಯಾಷ್ ಎಚ್, ಮತ್ತೆ ಜಾಗ ಬಿಟ್ಟು ಆಫ್ ಎಂದು ಹೊಡೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು ಎಂದು ಹೇಳುವ ಅಗತ್ಯವಿಲ್ಲದಿದ್ದರೂ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಒಬ್ಬರು ಕನ್ನಡದಲ್ಲಿ ಹೊಡೆದು ಕೆಲಸ ಮಾಡುತ್ತಿಲ್ಲ ಎಂದು ದೂರಿದ್ದರು. ಕಡತ ಆ ಕ್ಷಣವೇ ಮಾಯವಾಗುತ್ತದೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಏಕೆಂದರೆ ಅದೂ ಇದೇ ಕಡತವನ್ನು ನಂಬಿಕೊಂಡಿದೆ. ಎಸ್‌ಎಸ್‌ಡಿ ಇರುವಲ್ಲಿ ಕೆಲವು ಸೆಕೆಂಡು ತಡ, ಅಷ್ಟೇ.

ಪೇಜ್‌ಫೈಲ್: ಮುಟ್ಟಬೇಡಿ. ರ್‍ಯಾಮ್ ಸಾಲದಾಗ ಇದೇ ಆಸರೆ. ಹಿಗ್ಗುವುದು ಕುಗ್ಗುವುದು ವಿಂಡೋಸ್‌ನ ಇಷ್ಟಕ್ಕೆ ಬಿಡಿ.

ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್: ಇದರಲ್ಲಿ ಸಿಸ್ಟಮ್ ರಿಸ್ಟೋರ್‌ನ ಬಿಂದುಗಳಿವೆ, ವಿಂಡೋಸ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು. ಪೂರ್ತಿ ತೆಗೆಯುವುದು ನನಗೆ ಇಷ್ಟವಿಲ್ಲ, ಕೆಟ್ಟ ದಿನ ಒಂದು ಬಿಂದುವಾದರೂ ಇರಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ತೆರೆದು, ಕಾನ್ಫಿಗರ್ ಒತ್ತಿ, ಗರಿಷ್ಠ ಬಳಕೆಯನ್ನು ಶೇ 2ಕ್ಕೆ ಇಳಿಸಿ. ಐದಿದ್ದದ್ದು ಎರಡಾಗುತ್ತದೆ.

ಯೂಸರ್ಸ್ 24 ಜಿಬಿ: ನನ್ನ ಅನುಮಾನವೆಲ್ಲ ಇದರ ಮೇಲೆ. ವಿಂಡೋಸ್ ಮಾಡಿದ್ದು ಗೊತ್ತಾಯಿತು, ಮನೆಯವರು ಮಾಡಿದ್ದೇನು ನೋಡಬೇಕು. ವಿಜ್‌ಟ್ರೀಯಲ್ಲಿ ಅದನ್ನು ಬಿಡಿಸುತ್ತಾ ಹೋಗಿ.

ಮೂರನೇ ಮಹಡಿ
ಅಕ್ಟೋಬರ್ 9, ಸಂಜೆ 7.05

ಹೈಬರ್ನೇಟ್ ತೆಗೆಯುವ ಬಗ್ಗೆ ಸಣ್ಣ ತಕರಾರು. ಮಲೆನಾಡಿನಲ್ಲಿ ಮಳೆಗಾಲದ ಕರೆಂಟ್ ಗೊತ್ತಲ್ಲ. ಯುಪಿಎಸ್ ಹತ್ತು ನಿಮಿಷ ಎಳೆಯುತ್ತದೆ, ಅಷ್ಟರಲ್ಲಿ ತಾನೇ ಹೈಬರ್ನೇಟ್ ಆಗುವಂತೆ ಇಟ್ಟುಕೊಂಡವರಿಗೆ ಅದು ವರ. ತೋಟದಮನೆಯವರು ಹಾಗೆ ಇಟ್ಟಿದ್ದಾರೆಯೇ?

ತೋಟದಮನೆ
ಅಕ್ಟೋಬರ್ 9, ರಾತ್ರಿ 8.50

ಯುಪಿಎಸ್ ಇದೆ. ಕರೆಂಟ್ ಹೋದರೆ ಅದು ಕಿರುಚುತ್ತದೆ, ನಾನು ಓಡಿ ಬಂದು ಶಟ್‌ಡೌನ್ ಮಾಡುತ್ತೇನೆ. ಕೊಟ್ಟಿಗೆಯಲ್ಲಿದ್ದರೆ ಮನೆಯಾಕೆ ಮಾಡುತ್ತಾಳೆ. ಹಾಗಾಗಿ ಹೈಬರ್ನೇಟ್ ಬೇಡ.

ಯೂಸರ್ಸ್ ಬಿಡಿಸುತ್ತಾ ಹೋದೆ. ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ಆ್ಯಪಲ್ ಕಂಪ್ಯೂಟರ್, ಅದರೊಳಗೆ ಮೊಬೈಲ್‌ಸಿಂಕ್, ಅದರೊಳಗೆ ಬ್ಯಾಕಪ್. ಹಲಸಿನ ಹಣ್ಣು ಬಿಡಿಸಿದ ಹಾಗೆ. ಕೊನೆಗೆ ಉದ್ದನೆಯ ಅಂಕಿ ಅಕ್ಷರಗಳ ಹೆಸರಿನ ಎರಡು ಫೋಲ್ಡರ್. ಒಂದು 8 ಜಿಬಿ, ಇನ್ನೊಂದು 6. ನಮ್ಮ ಮನೆಯಲ್ಲಿ ಆ್ಯಪಲ್ ಕಂಪ್ಯೂಟರೇ ಇಲ್ಲವಲ್ಲ!

ಮೂರನೇ ಮಹಡಿ
ಅಕ್ಟೋಬರ್ 9, ರಾತ್ರಿ 8.58

ಐಫೋನ್ ಯಾರದ್ದು?

ತೋಟದಮನೆ
ಅಕ್ಟೋಬರ್ 9, ರಾತ್ರಿ 9.01

ಮಗಳದ್ದು. ಮೈಸೂರಿನಲ್ಲಿ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಬಂದಾಗ ಇಲ್ಲಿ ಐಫೋನ್ ಜೋಡಿಸಲು ಐಟ್ಯೂನ್ಸ್ ಹಾಕಿಕೊಂಡಿದ್ದಳು.

ಹಳೆ ಕೀಲಿಮಣೆ
ಅಕ್ಟೋಬರ್ 9, ರಾತ್ರಿ 9.15

ಸಿಕ್ಕಿತು. ಐಟ್ಯೂನ್ಸ್ ಫೋನಿನ ಬ್ಯಾಕಪ್ ಅನ್ನು ಹೇಳದೆ ಕೇಳದೆ ಸಿಯಲ್ಲಿಯೇ ಇಡುತ್ತದೆ, ಬೇರೆ ಕಡೆ ಇಡು ಎಂದು ಹೇಳುವ ಅವಕಾಶವನ್ನೇ ಕೊಡುವುದಿಲ್ಲ. ಒಂದೊಂದು ಫೋನಿಗೆ ಒಂದೊಂದು ಫೋಲ್ಡರ್. ಅಳಿಸುವ ಮೊದಲು ಮಗಳಿಗೆ ಫೋನ್ ಮಾಡಿ ಕೇಳಿ.

ತೋಟದಮನೆ
ಅಕ್ಟೋಬರ್ 10, ಬೆಳಿಗ್ಗೆ 6.40

ಕೇಳಿದೆ. 8 ಜಿಬಿಯದ್ದು ಹಳೆಯ ಫೋನಂತೆ, ಅದನ್ನು ಮಾರಿ ವರ್ಷವಾಯಿತು. ಹಾಗಾದರೆ ಅಳಿಸಲೇ ಎಂದೆ. ಸ್ವಲ್ಪ ಸುಮ್ಮನಿದ್ದು, ಅದರಲ್ಲಿ ತಾತನ ಕೊನೆಯ ವರ್ಷದ ಫೋಟೋಗಳು ಇರಬಹುದು, ಇಟ್ಟುಕೊಳ್ಳಿ ಎಂದಳು. ಅಳಿಸುವುದಿಲ್ಲ. ಡಿಗೆ ಸಾಗಿಸಬಹುದೇ? ಅಲ್ಲಿ 20 ಜಿಬಿ ಖಾಲಿ ಇದೆ.

ಮೂರನೇ ಮಹಡಿ
ಅಕ್ಟೋಬರ್ 10, ಬೆಳಿಗ್ಗೆ 8.20

ಸಾಗಿಸಬಹುದು. ಐಟ್ಯೂನ್ಸ್‌ಗೆ ತಿಳಿಯದ ಹಾಗೆ ಸಾಗಿಸಬೇಕು, ಅಷ್ಟೇ. ಅದಕ್ಕೆ ಜಂಕ್ಷನ್ ಎಂಬ ಉಪಾಯವಿದೆ. ಸಿಯಲ್ಲಿ ಬ್ಯಾಕಪ್ ಎಂಬ ಹೆಸರಿನ ಬಾಗಿಲು ಇರುತ್ತದೆ, ಒಳಗೆ ಹೋದರೆ ಡಿಯಲ್ಲಿರುತ್ತೀರಿ.

ಐಟ್ಯೂನ್ಸ್ ಮುಚ್ಚಿ. ಬ್ಯಾಕಪ್ ಫೋಲ್ಡರನ್ನು ಡಿಗೆ ನಕಲು ಮಾಡಿ. ಕತ್ತರಿಸಿ ಅಂಟಿಸಬೇಡಿ, ಮಧ್ಯದಲ್ಲಿ ಕರೆಂಟ್ ಹೋದರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ. ಎರಡೂ ಕಡೆ ಕಡತಗಳ ಸಂಖ್ಯೆ ಒಂದೇ ಇದೆಯೇ ಪ್ರಾಪರ್ಟೀಸ್‌ನಲ್ಲಿ ನೋಡಿ. ಸಿಯಲ್ಲಿರುವ ಮೂಲ ಫೋಲ್ಡರಿನ ಹೆಸರನ್ನು ಬ್ಯಾಕಪ್ ಹಳೆಯದು ಎಂದು ಬದಲಿಸಿ. ಈಗ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಂಕೆಲಿಂಕ್, ಸ್ಲ್ಯಾಷ್ ಜೆ, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಸಿಯ ಹಳೆಯ ವಿಳಾಸ, ಕೊನೆಗೆ ಡಿಯ ಹೊಸ ವಿಳಾಸ. ಈ ಅನುಕ್ರಮ ಮುಖ್ಯ: ಮೊದಲು ಬಾಗಿಲು, ಆಮೇಲೆ ಮನೆ. ಪವರ್‌ಶೆಲ್‌ನಲ್ಲಿ ಹೊಡೆದರೆ ಆದೇಶ ಗೊತ್ತಿಲ್ಲ ಎನ್ನುತ್ತದೆ, ಕಮಾಂಡ್ ಪ್ರಾಂಪ್ಟೇ ಬೇಕು. ಐಟ್ಯೂನ್ಸ್ ತೆರೆದು ಎರಡೂ ಬ್ಯಾಕಪ್ ಕಾಣಿಸಿದರೆ ಮಾತ್ರ ಹಳೆಯದನ್ನು ಅಳಿಸಿ.

ಸಿಡಿಇಎಫ್
ಅಕ್ಟೋಬರ್ 10, ಬೆಳಿಗ್ಗೆ 10.15

ಇಷ್ಟೆಲ್ಲ ಸರ್ಕಸ್ ಏಕೆ? ಡಿಯಿಂದ 50 ಜಿಬಿ ಕಿತ್ತು ಸಿಗೆ ಸೇರಿಸಿದರೆ ಮುಗಿಯಿತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಯನ್ನು ಕುಗ್ಗಿಸಿ, ಸಿಯನ್ನು ಹಿಗ್ಗಿಸಿ.

ಹಳೆ ಕೀಲಿಮಣೆ
ಅಕ್ಟೋಬರ್ 10, ಬೆಳಿಗ್ಗೆ 11.00

ಹೇಳಿದಷ್ಟು ಸುಲಭವಲ್ಲ. ಮೊದಲಿಗೆ, ಡಿಯಲ್ಲಿ ಖಾಲಿ ಇರುವುದೇ 20 ಜಿಬಿ. ಎರಡನೆಯದಾಗಿ, ಸಿ ಹಿಗ್ಗಬೇಕಾದರೆ ಅದರ ಬಲಮಗ್ಗುಲಿಗೇ ಹೊಂದಿಕೊಂಡು ಖಾಲಿ ಜಾಗ ಇರಬೇಕು. ಡಿಯನ್ನು ಕುಗ್ಗಿಸಿದಾಗ ಜಾಗ ಬಿಡುಗಡೆಯಾಗುವುದು ಡಿಯ ಬಾಲದ ಕಡೆ. ನಡುವೆ ಇಡೀ ಡಿ ಕುಳಿತಿರುತ್ತದೆ. ಎಷ್ಟೋ ಕಂಪ್ಯೂಟರಿನಲ್ಲಿ ಸಿ ಮತ್ತು ಡಿ ನಡುವೆ ರಿಕವರಿ ವಿಭಾಗವೂ ಇರುತ್ತದೆ. ಎಕ್ಸ್‌ಟೆಂಡ್ ವಾಲ್ಯೂಮ್ ಎಂಬ ಸಾಲು ಮಸುಕಾಗಿ ಒತ್ತಲು ಬಾರದಂತೆ ಕಾಣುವುದು ಇದಕ್ಕೇ. ನೆರೆಯವನ ಆಚೆಗಿನ ಜಮೀನು ಕೊಂಡರೆ ನಿಮ್ಮ ತೋಟದ ಬೇಲಿ ಮುಂದಕ್ಕೆ ಹೋಗುತ್ತದೆಯೇ?

ಡಿಯನ್ನೇ ಬಲಕ್ಕೆ ಜರುಗಿಸುವ ತಂತ್ರಾಂಶಗಳಿವೆ. ಮಾಡಬಹುದು. ಆದರೆ ಆ ಹೊತ್ತಿನಲ್ಲಿ ಕರೆಂಟ್ ಹೋದರೆ ದೇವರೇ ಗತಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಮೊದಲು ಅದನ್ನು ತಡೆಹಿಡಿಯಬೇಕು, ಅದರ ಕೀಲಿ ಕೈಯಲ್ಲಿರಬೇಕು. ಬ್ಯಾಕಪ್ ಇಲ್ಲದೆ ನಾನಂತೂ ಯಾರಿಗೂ ಇದನ್ನು ಹೇಳುವುದಿಲ್ಲ.

ಪೆಂಗ್ವಿನ್
ಅಕ್ಟೋಬರ್ 10, ಬೆಳಿಗ್ಗೆ 11.20

ಅಷ್ಟಕ್ಕೂ 240 ಜಿಬಿಯ ಡಿಸ್ಕನ್ನು ಎರಡು ತುಂಡು ಮಾಡುವುದು ಯಾವ ಕಾಲದ ಶಾಸ್ತ್ರ? ನಮ್ಮ ಅಂಗಡಿಗಳವರು ಎಷ್ಟು ಸಣ್ಣ ಡಿಸ್ಕ್ ಕೊಟ್ಟರೂ ಸಿ, ಡಿ, ಇ, ಎಫ್ ಮಾಡದೆ ಬಿಡುವುದಿಲ್ಲ.

ಸಿಡಿಇಎಫ್
ಅಕ್ಟೋಬರ್ 10, ಬೆಳಿಗ್ಗೆ 11.48

ನನ್ನ ಹೆಸರಿಗೇ ಕೈ ಹಾಕಿದಿರಿ, ಉತ್ತರ ಕೊಡಲೇಬೇಕು. ವಿಂಡೋಸ್ 95ರ ಕಾಲದ ಫ್ಯಾಟ್16 ವ್ಯವಸ್ಥೆಯಲ್ಲಿ ಒಂದು ವಿಭಾಗ 2 ಜಿಬಿ ಮೀರುವಂತಿರಲಿಲ್ಲ. 6 ಜಿಬಿಯ ಡಿಸ್ಕ್ ಕೊಂಡರೆ ಮೂರು ತುಂಡು ಮಾಡಲೇಬೇಕು. ನಾವು ಕಲಿತದ್ದು ಹಾಗೆ. ಆಮೇಲೆ ಆ ಮಿತಿ ಹೋಯಿತು, ಆದರೆ ಇನ್ನೊಂದು ಲಾಭ ಉಳಿಯಿತು: ವೈರಸ್ ಹತ್ತಿ ವಿಂಡೋಸ್ ಕೆಟ್ಟರೆ ಸಿಯನ್ನು ಮಾತ್ರ ಫಾರ್ಮ್ಯಾಟ್ ಮಾಡಿ ಹೊಸದು ಹಾಕುತ್ತಿದ್ದೆವು, ಡಿಯಲ್ಲಿದ್ದ ಹಾಡು, ಫೋಟೋ ಸುರಕ್ಷಿತ. ಇದನ್ನು ನಾನು ನೂರಾರು ಮನೆಗಳಿಗೆ ಮಾಡಿಕೊಟ್ಟಿದ್ದೇನೆ. ಒಂದೇ ತುಂಡು ಇದ್ದವರು ಅತ್ತದ್ದನ್ನೂ ನೋಡಿದ್ದೇನೆ.

ಮೂರನೇ ಮಹಡಿ
ಅಕ್ಟೋಬರ್ 10, ಮಧ್ಯಾಹ್ನ 12.30

ಅದು ನಿಜ. ಆದರೆ ಡಿಯಲ್ಲಿದೆ, ಸುರಕ್ಷಿತ ಎಂಬ ಮಾತೇ ಜನರನ್ನು ಹಾಳು ಮಾಡಿತು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆ. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೆ ಸಾಯುತ್ತವೆ. ಇನ್ನೊಂದು ತಮಾಷೆ ಎಂದರೆ, ಡಿ ಸುರಕ್ಷಿತ ಎಂದು ಹೇಳುವವರೇ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆ ಇಡುತ್ತಾರೆ. ಡೆಸ್ಕ್‌ಟಾಪ್ ಇರುವುದು ಸಿಯಲ್ಲಿ.

ಸಿಡಿಇಎಫ್
ಅಕ್ಟೋಬರ್ 10, ಮಧ್ಯಾಹ್ನ 12.41

ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನನ್ನ ಡೆಸ್ಕ್‌ಟಾಪ್ ಈಗಷ್ಟೇ ನೋಡಿದೆ, 11 ಜಿಬಿ.

ಕಡಲತಡಿ
ಅಕ್ಟೋಬರ್ 10, ಮಧ್ಯಾಹ್ನ 3.20

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಪ್ರಾಪರ್ಟೀಸ್‌ನ ಲೊಕೇಷನ್ ಎಂಬಲ್ಲಿ ಡಿಗೆ ಬದಲಿಸಬಹುದು. ಹಾಗೆ ಮಾಡುವವರು ಡಿಯೊಳಗೆ ಮೊದಲು ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿ. ಬರೀ ಡಿ ಎಂದು ತೋರಿಸಿದರೆ ಇಡೀ ಡಿ ಡ್ರೈವೇ ಡಾಕ್ಯುಮೆಂಟ್ಸ್ ಆಗಿ ಕುಳಿತುಕೊಳ್ಳುತ್ತದೆ, ಬಿಡಿಸುವುದು ತಲೆನೋವು. ಹೌದು, ಅದನ್ನೂ ನಾನು ಮಾಡಿದ್ದೇನೆ.

ತೋಟದಮನೆ
ಅಕ್ಟೋಬರ್ 12, ರಾತ್ರಿ 8.10

ವರದಿ ಒಪ್ಪಿಸುತ್ತಿದ್ದೇನೆ. ಪ್ರಿಂಟರ್ ನೋಡಿದೆ, ಪಹಣಿ ಮುದ್ರಿಸಿದೆ, ಸರಿ ಬಂತು. ನುಡಿಯಲ್ಲಿ ಅರ್ಜಿ ಬರೆದೆ, ಸರಿ ಬಂತು. ಆಮೇಲೆ ಧೈರ್ಯ ಮಾಡಿ ವಿಂಡೋಸ್ ಡಾಟ್ ಓಲ್ಡ್ ತೆಗೆದೆ. 2.4 ಇದ್ದದ್ದು 21.4 ಆಯಿತು. ಹೈಬರ್ನೇಟ್ ತೆಗೆದೆ, 27.8. ರಿಸ್ಟೋರ್ ಶೇ 2ಕ್ಕೆ ಇಳಿಸಿದೆ, 30.8. ಬ್ಯಾಕಪ್ ಸಾಗಿಸುವಾಗ ಎರಡು ಸಲ ತಪ್ಪಾಯಿತು, ಆದೇಶದಲ್ಲಿ ಮನೆಯನ್ನು ಮೊದಲು ಬರೆದು ಬಾಗಿಲನ್ನು ಆಮೇಲೆ ಬರೆದಿದ್ದೆ. ಮೂರನೆಯ ಸಲ ಬಂತು, 44.8. ಟೆಂಪರರಿ ಫೈಲ್ಸ್‌ನಲ್ಲಿ ಡೌನ್‌ಲೋಡ್ಸ್ ಬಿಟ್ಟು ಉಳಿದದ್ದಕ್ಕೆ ಗುರುತು ಹಾಕಿದ್ದಕ್ಕೆ ಇನ್ನೊಂದು 1.6. ಈಗ 46.4 ಜಿಬಿ ಖಾಲಿ. ಪಟ್ಟಿ ನೀಲಿಯಾಗಿದೆ.

ಹಳೆ ಕೀಲಿಮಣೆ
ಅಕ್ಟೋಬರ್ 12, ರಾತ್ರಿ 8.45

ಸಂತೋಷ. ಬೇಕಾದರೆ ಇನ್ನೊಂದು: ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣವನ್ನು ವಿಂಡೋಸ್ ಕೈಯಿಂದಲೇ ಗುಡಿಸಬಹುದು, ಡಿಸ್ಮ್ ಎಂಬ ಆದೇಶಕ್ಕೆ ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಸೇರಿಸಿ. ಆದರೆ 46 ಜಿಬಿ ಖಾಲಿ ಇರುವವರಿಗೆ ಅದರ ಅಗತ್ಯ ಕಾಣುವುದಿಲ್ಲ. ಅದರ ಮುಂದೆ ರೀಸೆಟ್‌ಬೇಸ್ ಸೇರಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಈಗಾಗಲೇ ಹಾಕಿದ ಅಪ್‌ಡೇಟ್ ಕಿರಿಕಿರಿ ಮಾಡಿದರೆ ತೆಗೆಯಲು ಆಗುವುದಿಲ್ಲ.

ಹೊಸಬರು
ಅಕ್ಟೋಬರ್ 17, ಸಂಜೆ 5.30

ಚರ್ಚೆಗೆ ತಡವಾಗಿ ಬಂದೆ. ನನ್ನದು 32 ಜಿಬಿಯ ಸಣ್ಣ ಲ್ಯಾಪ್‌ಟಾಪ್, ವಿಂಡೋಸ್ 10. ಡಿ ಇಲ್ಲ. 1 ಜಿಬಿ ಉಳಿದಿದೆ. ಮೇಲಿನದೆಲ್ಲ ಮಾಡಿದೆ, 3 ಆಯಿತು.

ಮೂರನೇ ಮಹಡಿ
ಅಕ್ಟೋಬರ್ 17, ಸಂಜೆ 6.00

ಕಾಂಪ್ಯಾಕ್ಟ್ ಓಎಸ್ ಎಂಬ ಸೌಲಭ್ಯದಿಂದ ವಿಂಡೋಸ್‌ನ ಕಡತಗಳನ್ನೇ ಒತ್ತಿ ಇಟ್ಟರೆ ಇನ್ನೊಂದೆರಡು ಜಿಬಿ ಸಿಗಬಹುದು. ಅದಕ್ಕಿಂತ ಹೆಚ್ಚು ಹಿಂಡಿದರೆ ರಸ ಬರುವುದಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕು, ಆ ದಾರಿಯೂ ಇಲ್ಲ. ಹೇಳಲು ಮನಸ್ಸಿಲ್ಲ, ಆದರೆ ನಿಮ್ಮ ವಿಷಯದಲ್ಲಿ ಪೆಂಗ್ವಿನ್ ಹೇಳಿದ್ದೇ ಸರಿ.

ಪೆಂಗ್ವಿನ್
ಅಕ್ಟೋಬರ್ 17, ಸಂಜೆ 6.01

ಈ ಮಾತನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇನೆ.

ತೋಟದಮನೆ
ಅಕ್ಟೋಬರ್ 23, ರಾತ್ರಿ 9.10

ದೀಪಾವಳಿಗೆ ಮಗಳು ಬಂದಿದ್ದಾಳೆ. ಹೊಸ ಫೋನ್ ಇದೆ. ಬಂದ ದಿನವೇ ಬ್ಯಾಕಪ್ ಮಾಡಲು ಕುಳಿತಳು. ಸಿ ನೀಲಿಯಾಗಿಯೇ ಇದೆ, ಈಗ ಡಿ ಕೆಂಪಾಗಿದೆ.

ಅವಳೇ ಪರಿಹಾರವನ್ನೂ ತಂದಿದ್ದಾಳೆ, 1 ಟಿಬಿಯ ಹೊರಗಿನ ಹಾರ್ಡ್ ಡಿಸ್ಕ್. ಮೂರು ಬ್ಯಾಕಪ್‌ಗಳ ಇನ್ನೊಂದು ನಕಲು ಅದರಲ್ಲಿ ಹಾಕಿದೆವು. ತಾತನ ಫೋಟೋಗಳು ನಿಜಕ್ಕೂ ಹಳೆಯ ಬ್ಯಾಕಪ್‌ನಲ್ಲಿದ್ದವು, ನಲವತ್ತೆರಡು.

ಒಂದೇ ಒಂದು ಅನುಮಾನ. ಪೆಟ್ಟಿಗೆಯ ಮೇಲೆ 1 ಟಿಬಿ ಎಂದಿದೆ. ಕಂಪ್ಯೂಟರ್ 931 ಜಿಬಿ ಎನ್ನುತ್ತದೆ. ಹೊಸ ಡಿಸ್ಕ್, ಬಚ್ಚಿಟ್ಟ ಕಡತವೂ ಇಲ್ಲ. ಉಳಿದ 69 ಎಲ್ಲಿ?

ಹಳೆ ಕೀಲಿಮಣೆ
ಅಕ್ಟೋಬರ್ 23, ರಾತ್ರಿ 9.25

ಎಲ್ಲಿಯೂ ಹೋಗಿಲ್ಲ. ಡಿಸ್ಕ್ ಮಾಡುವವರ ತಕ್ಕಡಿಯಲ್ಲಿ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್‌ನ ತಕ್ಕಡಿ 1024 × 1024 × 1024 ಬೈಟಿನದ್ದು, ಅಂದರೆ ಸುಮಾರು 107 ಕೋಟಿ. ಸರಕು ಒಂದೇ, ಬಟ್ಟು ಬೇರೆ. ನಿಮ್ಮ 240ರ ಎಸ್‌ಎಸ್‌ಡಿಯನ್ನೂ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿ, 223 ಎಂದು ತೋರಿಸುತ್ತಿರಬೇಕು. ಆರು ವರ್ಷದಿಂದ ಹಾಗೆಯೇ ಇದೆ.

ತೋಟದಮನೆ
ಅಕ್ಟೋಬರ್ 23, ರಾತ್ರಿ 9.31

ನೋಡಿದೆ. 223. ಮಂಡಿಯವರ ಮೇಲೆ ಇನ್ನು ಸುಮ್ಮನೆ ಅನುಮಾನ ಪಡುವುದಿಲ್ಲ.